ಓಗೊಡಬೇಕಾದ ಹೆಸರು

ಮಕ್ಕಳಿಗೆ ಹೆಸರಿಡುವುದರ ಬಗ್ಗೆ ನಿಮ್ಮ ಸಂದೇಹಗಳನ್ನು ಬರೆದು ಕಳಿಸಿ ಎಂದು ಹಿಂದಿನ ಸಂಚಿಕೆಯಲ್ಲಿ ಕೋರಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಬೆಂಗಳೂರಿನವು. ಬೇರೆ ಯಾರೂ ಇಡದ ಹೆಸರನ್ನು ಮಗುವಿಗೆ ಇಡಬೇಕೆಂಬ ಆಸೆ, ಅದರಿಂದ ಮನೆಯಲ್ಲಿ ಎದ್ದ ತಕರಾರು, ಇಟ್ಟಮೇಲೆ ಕಾಡುವ ಅಳುಕು ಇವೇ ಅವುಗಳ ವಿಷಯ. ಆರು ಪತ್ರಗಳನ್ನು ಆರಿಸಿಕೊಂಡು, ಬರೆದವರ ಹೆಸರನ್ನು ಕೈಬಿಟ್ಟು, ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಎರಡು ತಿಂಗಳ ಹಿಂದೆ ನಮಗೆ ಹೆಣ್ಣುಮಗು ಹುಟ್ಟಿದೆ. ‘ಇಬ್ಬನಿ’ ಎಂದು ಹೆಸರಿಡಬೇಕೆಂದು ನಾನೂ ನನ್ನ ಪತಿಯೂ ಮೊದಲೇ ನಿಶ್ಚಯಿಸಿದ್ದೆವು. ಆದರೆ ಅತ್ತೆಯವರು ಒಪ್ಪುತ್ತಿಲ್ಲ. ‘ಬಿಸಿಲು ಬಿದ್ದರೆ ಆರಿಹೋಗುವುದರ ಹೆಸರನ್ನು ಯಾರಾದರೂ ಕೂಸಿಗೆ ಇಡುತ್ತಾರೆಯೇ’ ಎನ್ನುತ್ತಾರೆ. ಅದು ಹೆಸರೇ ಅಲ್ಲವೆಂದು ನೆಂಟರು ನಗುತ್ತಾರೆ. ನಾಮಕರಣವನ್ನು ಮುಂದೂಡಿದ್ದೇವೆ. ನಾವು ಹಟ ಹಿಡಿದದ್ದು ತಪ್ಪೇ? (ಹನುಮಂತನಗರ)

ಉತ್ತರ: ತಪ್ಪಲ್ಲ. ಆದರೂ ನಿಮ್ಮ ಅತ್ತೆಯವರ ಮಾತನ್ನು ಹಳೆಯ ಕಾಲದವರ ಮೊಂಡುತನವೆಂದು ಬದಿಗೆ ಸರಿಸಬೇಡಿ. ಕೂಸು ಉಳಿಯುತ್ತದೆಯೋ ಇಲ್ಲವೋ ಎಂಬ ಭಯ ನಮ್ಮ ನಾಡಿನ ಹೆಸರುಗಳಲ್ಲಿ ಬಹಳ ಆಳಕ್ಕೆ ಇಳಿದಿದೆ. ಹುಟ್ಟಿದ ಮಕ್ಕಳು ಕೈಗೆ ಹತ್ತದ ಮನೆಯಲ್ಲಿ ಹೊಸ ಕೂಸನ್ನು ಒಂದು ಗಳಿಗೆ ತಿಪ್ಪೆಯ ಮೇಲೆ ಮಲಗಿಸಿ, ಬೇರೆಯವರ ಕೈಯಲ್ಲಿ ಎತ್ತಿಸಿಕೊಂಡು, ತಿಪ್ಪಯ್ಯ ಎಂದೋ ತಿಪ್ಪಮ್ಮ ಎಂದೋ ಕರೆಯುತ್ತಿದ್ದರು. ಇದು ಯಾರಿಗೂ ಬೇಡವಾದದ್ದು ಎಂದುಕೊಂಡು ಸಾವು ಆ ಮನೆಯನ್ನು ದಾಟಿ ಹೋಗಲಿ ಎಂಬುದು ಆ ತಾಯಂದಿರ ಹಂಚಿಕೆಯಾಗಿತ್ತು. ಕಲ್ಲಿನ ಹಾಗೆ ಗಟ್ಟಿಯಾಗಿ ಉಳಿಯಲೆಂದು ಕಲ್ಲಪ್ಪನಾದವರು, ದೃಷ್ಟಿ ತಾಗದಿರಲೆಂದು ಹುಚ್ಚಮ್ಮನಾದವರು, ಹರಕೆ ಹೊತ್ತ ದೇವರ ಹೆಸರಿನಿಂದ ನಂಜುಂಡನೂ ಮಾದೇಶನೂ ಆದವರು ನಮ್ಮ ಹಿಂದಿನ ತಲೆಮಾರುಗಳಲ್ಲಿ ತುಂಬ ಮಂದಿ. ಇಂದು ಒರಟಾಗಿ ಕೇಳುವ ಈ ಹೆಸರುಗಳನ್ನು ಇಟ್ಟವರು ಮಕ್ಕಳಿಗಾಗಿ ಹಂಬಲಿಸಿದವರೇ. ಇಬ್ಬನಿ ಆರಿಹೋಗುತ್ತದೆ ಎನ್ನುವಾಗ ನಿಮ್ಮ ಅತ್ತೆಯವರ ಬಾಯಲ್ಲಿ ಆ ಹಳೆಯ ಭಯವೇ ಮಾತಾಡುತ್ತಿದೆ ಎಂದು ನನಗೆ ತೋರುತ್ತದೆ. ಅವರ ತವರಿನಲ್ಲಿಯೋ ನಿಮ್ಮ ಮನೆಯಲ್ಲಿಯೋ ಉಳಿಯದೆ ಹೋದ ಕೂಸೊಂದು ಇತ್ತೇ ಎಂದು ಅವರ ಪಕ್ಕದಲ್ಲಿ ಕುಳಿತು ಒಮ್ಮೆ ಕೇಳಿ. ಉತ್ತರ ಏನೇ ಬರಲಿ, ಅದನ್ನು ಕೇಳಿಸಿಕೊಂಡ ಮೇಲೆ ನಡೆಯುವ ಮಾತು ಬೇರೆಯಾಗಿರುತ್ತದೆ.

ಇನ್ನು ಹೆಸರಿನ ವಿಚಾರ. ತುಷಾರ ಎಂಬ ಹೆಸರಿನವರು ಬೆಂಗಳೂರಿನ ಪ್ರತಿ ಬಡಾವಣೆಯಲ್ಲೂ ಸಿಗುತ್ತಾರೆ. ಅದರ ಅರ್ಥವೂ ಮಂಜು, ಇಬ್ಬನಿ ಎಂದೇ. ಉಷೆಯೂ ಸಂಧ್ಯೆಯೂ ಹೆಚ್ಚು ಹೊತ್ತು ನಿಲ್ಲುವಂಥವಲ್ಲ. ಆದರೂ ಆ ಹೆಸರು ಹೊತ್ತು ಎಂಬತ್ತು ದಾಟಿದ ಅಜ್ಜಿಯರು ನಮ್ಮ ನಡುವೆ ಇದ್ದಾರೆ. ಸಂಸ್ಕೃತದಲ್ಲಿ ಹೇಳಿದರೆ ಹೆಸರಾಗುವುದು ಕನ್ನಡದಲ್ಲಿ ಹೇಳಿದರೆ ಹೆಸರಾಗುವುದಿಲ್ಲ ಎಂಬ ನಿಮ್ಮ ನೆಂಟರ ಎಣಿಕೆಯನ್ನು ನಾನು ಒಪ್ಪಲಾರೆ. ಸಿರಿ, ಇಂಚರ, ನೇಸರ, ಚುಕ್ಕಿ ಮೊದಲಾದ ಹೆಸರುಗಳು ಈಗಾಗಲೇ ಶಾಲೆಯ ಹಾಜರಿ ಪುಸ್ತಕಗಳನ್ನು ಸೇರಿವೆ. ಹೊಸತನವೂ ನಮಗೆ ಹೊಸದೇನಲ್ಲ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬ ಅಪ್ಪಟ ಮಲೆನಾಡಿನ ಹೆಸರು ಹೊತ್ತಿದ್ದ ಕುವೆಂಪು ಅವರು ತಮ್ಮ ಮಕ್ಕಳನ್ನು ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ ಎಂದು ಕರೆದರು. ಮೊದಲ ಮಗ ಹುಟ್ಟಿದ್ದು 1938ರಲ್ಲಿ. ಸುತ್ತಲೂ ಪುಟ್ಟಪ್ಪ, ತಿಮ್ಮಪ್ಪ, ವೆಂಕಟಪ್ಪಂದಿರೇ ಇದ್ದ ಕಾಲದಲ್ಲಿ ಕೋಕಿಲೋದಯ ಚೈತ್ರ ಎಂಬ ಹೆಸರು ಎಷ್ಟು ಕಿವಿಗಳನ್ನು ನಿಮಿರಿಸಿರಬೇಕು!

ಒಂದು ಪರೀಕ್ಷೆಯನ್ನು ಮಾತ್ರ ನೀವಿಬ್ಬರೂ ಮಾಡಿ. ಲಾಲ್‌ಬಾಗಿನ ಜನಸಂದಣಿಯಲ್ಲಿ ಕೈತಪ್ಪಿದ ಮಗುವನ್ನು ಕರೆಯುವ ಹಾಗೆ ಆ ಹೆಸರನ್ನು ಗಟ್ಟಿಯಾಗಿ ಕೂಗಿ ನೋಡಿ. ದೂರದವರನ್ನು ಕರೆಯುವಾಗ ಕೊನೆಯ ಸ್ವರವನ್ನು ಎಳೆಯುವುದು ಕನ್ನಡದ ಜಾಯಮಾನ. ವ್ಯಾಕರಣದಲ್ಲಿ ಅದಕ್ಕೆ ಪ್ಲುತವೆಂದು ಹೆಸರು. ‘ಇಬ್ಬನೀ’ ಎಂದು ಎಳೆದು ಕರೆದಾಗ ಅದು ದೂರಕ್ಕೆ ಚೆನ್ನಾಗಿ ಹೋಗುತ್ತದೆ, ಹತ್ತಿರ ಕರೆಯುವಾಗ ಬಾಯಿಗೆ ಭಾರವೂ ಆಗುವುದಿಲ್ಲ. ಕೂಗಲು ನಾಚಿಕೆಯಾಗುವ ಹೆಸರನ್ನು ಇಡಲೇಬಾರದು ಎಂಬುದು ನನ್ನ ಅಭಿಪ್ರಾಯ. ಇದು ಅಂಥದ್ದಲ್ಲ.

ನಾಮಕರಣ ತಡವಾಯಿತೆಂಬ ಆತಂಕ ಬೇಡ. ಜನನವನ್ನು 21 ದಿನಗಳೊಳಗೆ ನೋಂದಾಯಿಸಿದ್ದರೆ ಸಾಕು. ಹೆಸರಿಲ್ಲದೆ ನೋಂದಣಿಯಾಗಿದ್ದರೂ 12 ತಿಂಗಳೊಳಗೆ ಯಾವ ಶುಲ್ಕವೂ ಇಲ್ಲದೆ ಹೆಸರನ್ನು ಸೇರಿಸಬಹುದು. ಆಮೇಲೆಯೂ 15 ವರ್ಷದವರೆಗೆ ತಡದ ಶುಲ್ಕ ಕಟ್ಟಿ ಸೇರಿಸಲು ಅವಕಾಶವಿದೆ.

ತೊಟ್ಟಿಲು ಶಾಸ್ತ್ರದ ದಿನ ಅಕ್ಕಿಯ ಮೇಲೆ ಹೆಸರು ಬರೆಯುವ ಉಂಗುರವನ್ನು ಅತ್ತೆಯವರ ಕೈಗೇ ಕೊಡಿ. ನಮ್ಮ ಬಂಧುಗಳ ಮನೆಯೊಂದರಲ್ಲಿ ಹೀಗೆಯೇ ಆಯಿತು. ‘ಚುಕ್ಕಿ’ ಎಂಬ ಹೆಸರಿಗೆ ಮುಖ ಗಂಟಿಕ್ಕಿಕೊಂಡಿದ್ದ ಅಜ್ಜಿ ಹಿತ್ತಾಳೆ ತಟ್ಟೆಯ ಮುಂದೆ ಕುಳಿತು ಬರೆಯತೊಡಗಿದರು. ಒತ್ತಕ್ಷರ ಬರೆಯುವಷ್ಟರಲ್ಲಿ ಅಕ್ಕಿ ಜಾರಿ ಗೆರೆ ಮುಚ್ಚಿಹೋಯಿತು. ಅಂಗೈಯಿಂದ ಅಕ್ಕಿಯನ್ನು ಸಮಮಾಡಿ ಮತ್ತೆ ಬರೆದರು, ಅದೂ ಮುಚ್ಚಿಹೋಯಿತು. ಮೂರನೆಯ ಸಲ ಬರೆಯುವಾಗ ಪ್ರತಿ ಅಕ್ಷರವನ್ನೂ ಬಾಯಿಬಿಟ್ಟು ಹೇಳಿಕೊಳ್ಳುತ್ತಿದ್ದರು. ತಟ್ಟೆಯಿಂದ ಕೈ ತೆಗೆಯುವ ಹೊತ್ತಿಗೆ ಆ ಹೆಸರು ಅವರದಾಗಿತ್ತು.

ಪ್ರಶ್ನೆ: ನಮ್ಮ ಮಗಳಿಗೆ ‘ಕೃಶಾ’ ಎಂಬ ಹೆಸರನ್ನು ಮೊಬೈಲಿನ ಪಟ್ಟಿಯೊಂದರಿಂದ ಆರಿಸಿದ್ದೇವೆ. ಸಂಸ್ಕೃತದಲ್ಲಿ ‘ದೈವಿಕ’ ಎಂಬ ಅರ್ಥವೆಂದು ಅಲ್ಲಿದೆ. ಮಗ ಹುಟ್ಟಿದ್ದರೆ ‘ಆದ್ವಿಕ್’ ಎಂದು ಇಡುತ್ತಿದ್ದೆವು. ನಿಮ್ಮ ಅಭಿಪ್ರಾಯವೇನು? (ವೈಟ್‌ಫೀಲ್ಡ್)

ಉತ್ತರ: ದಯವಿಟ್ಟು ಇಡಬೇಡಿ. ಕೃಶ ಎಂದರೆ ಸೊರಗಿದ, ಬಡಕಲಾದ ಎಂದು ಅರ್ಥ. ‘ಕಾಯಿಲೆಯಿಂದ ಕೃಶನಾಗಿದ್ದಾನೆ’ ಎಂದು ನಾವು ಕನ್ನಡದಲ್ಲಿ ದಿನವೂ ಬಳಸುವ ಪದ ಅದು. ನಿಮ್ಮ ಮಗಳು ಏಳನೆಯ ತರಗತಿಗೆ ಬಂದು ಪಾಠದಲ್ಲಿ ‘ಕೃಶಕಾಯ’ ಎಂಬ ಪದವನ್ನು ಕಂಡ ದಿನ ಮನೆಗೆ ಬಂದು ನಿಮ್ಮನ್ನು ಕೇಳುತ್ತಾಳೆ, ಆಗ ನಿಮ್ಮ ಬಳಿ ಉತ್ತರವಿರುವುದಿಲ್ಲ.

ಇಂಥ ಪಟ್ಟಿಗಳು ಒಂದನ್ನೊಂದು ನೋಡಿ ಬರೆದುಕೊಂಡವು. ಮೂಲ ತಿಳಿಯದ ಪ್ರತಿಯೊಂದು ಹೆಸರಿಗೂ ಸಂಸ್ಕೃತವೆಂಬ ಚೀಟಿ ಅಂಟಿಸಿ, ‘ದೈವಿಕ’, ‘ಸೂರ್ಯನ ಕಿರಣ’, ‘ವಿಷ್ಣುವಿನ ಅಂಶ’ ಎಂಬ ನಾಲ್ಕಾರು ಅರ್ಥಗಳಲ್ಲಿ ಒಂದನ್ನು ಹಂಚಿಬಿಡುತ್ತವೆ. ‘ಆದ್ವಿಕ್’ ಎಂಬುದು ಅದ್ವಿತೀಯ, ಅದ್ವೈತ ಮುಂತಾದ ಪದಗಳ ಛಾಯೆಯಲ್ಲಿ ಇತ್ತೀಚೆಗೆ ಕಟ್ಟಿದ ಶಬ್ದ. ಕಟ್ಟಿದ ಹೆಸರು ಇಡಬಾರದೆಂದು ನಾನು ಹೇಳುವುದಿಲ್ಲ. ಇಟ್ಟವರು ಅದು ಕಟ್ಟಿದ್ದೆಂದು ತಿಳಿದು ಇಡಬೇಕು, ಮಗುವಿಗೂ ಹಾಗೆಯೇ ಹೇಳಬೇಕು. ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳಲ್ಲಿ ಹೊರತಂದ ನಿಘಂಟು ನಮ್ಮ ಗ್ರಂಥಾಲಯಗಳಲ್ಲಿದೆ. ಮಗುವಿನ ತೊಟ್ಟಿಲು ಕೊಳ್ಳಲು ನಾಲ್ಕು ಅಂಗಡಿ ಸುತ್ತುವವರು ಹೆಸರಿಗಾಗಿ ಅರ್ಧ ಗಂಟೆ ನಿಘಂಟಿನ ಮುಂದೆ ಕುಳಿತುಕೊಳ್ಳಬಹುದು. ಅದೂ ಆಗದಿದ್ದರೆ ಹತ್ತಿರದ ಶಾಲೆಯ ಕನ್ನಡ ಮೇಷ್ಟರನ್ನು ಕೇಳಿ. ಅವರಿಗೆ ಸಂತೋಷವೇ ಆಗುತ್ತದೆ.

ಇನ್ನೊಂದು ಮಾತು. ‘ಬೇರೆ ಯಾರಿಗೂ ಇರಬಾರದು’ ಎಂಬುದೊಂದನ್ನೇ ಹಿಡಿದು ಹುಡುಕಿದ ಹೆಸರು ಹಾಗೆ ಉಳಿಯುವುದು ಅಪರೂಪ. ‘ಅನನ್ಯ’ ಎಂಬುದರ ಅರ್ಥವೇ ಸಾಟಿಯಿಲ್ಲದ್ದು. ಹಾಗೆಂದು ಮೆಚ್ಚಿ ಇಟ್ಟ ತಾಯಿತಂದೆಯರು ಎಷ್ಟು ಮಂದಿಯೆಂದರೆ, ನನ್ನ ಒಂದೇ ತರಗತಿಯಲ್ಲಿ ಮೂವರು ಅನನ್ಯರು ಕುಳಿತಿದ್ದ ವರ್ಷವಿತ್ತು. ಮೂವರಿಗೂ ಅದು ಒಳ್ಳೆಯ ಹೆಸರೇ ಆಗಿತ್ತು, ಏಕೆಂದರೆ ಅದಕ್ಕೆ ಅರ್ಥವಿತ್ತು.

ಪ್ರಶ್ನೆ: ಮೊಮ್ಮಗ ಹಸ್ತಾ ನಕ್ಷತ್ರದ ನಾಲ್ಕನೆಯ ಪಾದದಲ್ಲಿ ಹುಟ್ಟಿದ್ದಾನೆ. ‘ಠ’ ಅಕ್ಷರದಿಂದಲೇ ಹೆಸರು ಶುರುವಾಗಬೇಕೆಂದು ಪುರೋಹಿತರು ಹೇಳಿದ್ದಾರೆ. ಮಗ ಸೊಸೆ ಏನೇನೋ ಹೆಸರುಗಳನ್ನು ಸೃಷ್ಟಿಸುತ್ತಿದ್ದಾರೆ. (ಜಯನಗರ)

ಉತ್ತರ: ಇಪ್ಪತ್ತೇಳು ನಕ್ಷತ್ರಗಳಿಗೆ ತಲಾ ನಾಲ್ಕು ಪಾದಗಳಂತೆ 108 ನಾಮಾಕ್ಷರಗಳು. ಹಸ್ತಾ ನಕ್ಷತ್ರಕ್ಕೆ ಪು, ಷ, ಣ, ಠ. ಆರ್ದ್ರಾ ನಕ್ಷತ್ರಕ್ಕೆ ಕು, ಘ, ಙ, ಛ. ಣಕಾರದಿಂದಲೋ ಙಕಾರದಿಂದಲೋ ಶುರುವಾಗುವ ಹೆಸರು ಕನ್ನಡದಲ್ಲೂ ಇಲ್ಲ, ಸಂಸ್ಕೃತದಲ್ಲೂ ಇಲ್ಲ. ಹಿಂದಿನವರಿಗೆ ಇದು ತಿಳಿಯದೆ ಇರಲಿಲ್ಲ. ಅದಕ್ಕಾಗಿಯೇ ನಾಮಕರಣದಲ್ಲಿ ನಾಲ್ಕು ಬಗೆಯ ಹೆಸರುಗಳನ್ನು ಹೇಳುವ ಪದ್ಧತಿಯಿದೆ: ದೇವತಾನಾಮ, ಮಾಸನಾಮ, ನಕ್ಷತ್ರನಾಮ, ವ್ಯಾವಹಾರಿಕ ನಾಮ. ನಕ್ಷತ್ರನಾಮವನ್ನು ಮಗುವಿನ ಕಿವಿಯಲ್ಲಿ ಹೇಳಿ ಜಾತಕದಲ್ಲಿ ಬರೆದಿಟ್ಟರೆ ಶಾಸ್ತ್ರಕ್ಕೆ ಲೋಪವಿಲ್ಲ. ಊರು ಕರೆಯುವುದು, ಶಾಲೆ ಬರೆದುಕೊಳ್ಳುವುದು ವ್ಯಾವಹಾರಿಕ ನಾಮವನ್ನು. ಅದು ಯಾವ ಅಕ್ಷರದಿಂದ ಬೇಕಾದರೂ ಶುರುವಾಗಬಹುದು. ಪುರೋಹಿತರ ಮುಂದೆ ವಿನಯದಿಂದ ಈ ಮಾತನ್ನು ಎತ್ತಿ. ಬಲ್ಲವರು ಯಾರೂ ಅಲ್ಲಗಳೆಯುವುದಿಲ್ಲ. ನಿಮ್ಮ ತಂದೆಯವರ ಹೆಸರನ್ನು ಉಳಿಸಬೇಕೆಂಬ ಆಸೆಯಿದ್ದರೆ ಅದಕ್ಕೂ ಈ ನಾಲ್ಕರಲ್ಲಿ ಎಡೆಯಿದೆ.

ಪ್ರಶ್ನೆ: ಸಂಖ್ಯಾಶಾಸ್ತ್ರದವರು ಮಗಳ ಹೆಸರಿನ ಇಂಗ್ಲಿಷ್ ಅಕ್ಷರಗಳಲ್ಲಿ ಎರಡು ‘ಎ’ಗಳನ್ನೂ ಒಂದು ‘ಹೆಚ್’ ಅನ್ನೂ ಹೆಚ್ಚಿಗೆ ಸೇರಿಸಲು ಹೇಳಿದ್ದಾರೆ. ಸೇರಿಸಬಹುದೇ? ಅವಳಿಗೆ ಅಡ್ಡಹೆಸರು (ಸರ್‌ನೇಮ್) ಇಲ್ಲ, ಅದರಿಂದ ತೊಂದರೆಯೇ? (ವಿಜಯನಗರ)

ಉತ್ತರ: ಕನ್ನಡದಲ್ಲಿ ಬರೆದಾಗ ನಿಮ್ಮ ಮಗಳ ಹೆಸರು ಒಂದೇ ರೀತಿ ಇರುತ್ತದೆ, ಅಲ್ಲಿ ಈ ಕೂಡುವಿಕೆಗೆ ಜಾಗವೇ ಇಲ್ಲ. ಹಾಗಿರುವಾಗ ಪರಭಾಷೆಯ ಅಕ್ಷರಗಳ ಎಣಿಕೆಯಿಂದ ಅವಳ ಅದೃಷ್ಟ ಬದಲಾಗುತ್ತದೆಂದು ನಾನು ನಂಬುವುದಿಲ್ಲ. ಬದಲಾಗುವುದು ದಾಖಲೆಗಳು. 2023ರ ಅಕ್ಟೋಬರ್ 1ರಂದು ಅಥವಾ ಅದರ ನಂತರ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶದಿಂದ ಪಾಸ್‌ಪೋರ್ಟ್‌ವರೆಗೆ ಜನನ ಪ್ರಮಾಣಪತ್ರವೇ ಹುಟ್ಟಿದ ದಿನ ಮತ್ತು ಸ್ಥಳಕ್ಕೆ ಆಧಾರ. ಅದರಲ್ಲಿ ಒಂದು ಕಾಗುಣಿತ, ಶಾಲೆಯಲ್ಲಿ ಮತ್ತೊಂದು ಎಂದಾದರೆ ಪ್ರತಿ ಕೌಂಟರಿನಲ್ಲೂ ‘ಇವರಿಬ್ಬರೂ ಒಬ್ಬರೇ’ ಎಂದು ಪ್ರಮಾಣ ಮಾಡುತ್ತಾ ಹೋಗಬೇಕು. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಬಾರಿ ಅವಕಾಶ. ಆದ್ದರಿಂದ ಓದಿದ ಕೂಡಲೇ ಉಚ್ಚಾರ ತಿಳಿಯುವ ಸರಳ ಕಾಗುಣಿತವನ್ನು ಒಮ್ಮೆ ನಿಶ್ಚಯಿಸಿ, ಮುಂದೆ ಅದನ್ನು ಕದಲಿಸಬೇಡಿ.

ಅಡ್ಡಹೆಸರಿನ ವಿಚಾರದಲ್ಲಿ ನೀವು ಕೇಳಿದ್ದು ಒಳ್ಳೆಯದಾಯಿತು. ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಹೆಸರಿಗೆ ಮುಂಚೆ ಬರೆಯುವುದು ನಮ್ಮ ಹಳೆಯ ಮೈಸೂರು ಭಾಗದ ರೂಢಿ. ಪಾಸ್‌ಪೋರ್ಟ್‌ನಲ್ಲಿ ಅವನ್ನು ಬಿಡಿಸಿ ಬರೆಯಬೇಕಾಗುತ್ತದೆ. ಒಂದೇ ಪದದ ಹೆಸರಿರುವ ಪ್ರವಾಸಿಗಳಿಗೆ ಪ್ರವೇಶವಿಲ್ಲವೆಂದು ಸಂಯುಕ್ತ ಅರಬ್ ಸಂಸ್ಥಾನ 2022ರ ನವೆಂಬರ್‌ನಲ್ಲಿ ನಿಯಮ ಮಾಡಿದಾಗ ಹಲವರಿಗೆ ದಿಗಿಲಾಯಿತು. ಜನನ ನೋಂದಣಿಯಲ್ಲೇ ಮಗಳ ಹೆಸರಿನ ನಂತರ ತಂದೆಯದೋ ತಾಯಿಯದೋ ಹೆಸರನ್ನು ಪೂರ್ತಿಯಾಗಿ ಸೇರಿಸಿಬಿಡಿ.

ಪ್ರಶ್ನೆ: ಬೆಂಗಳೂರಿನ ಹತ್ತಿರವೇ ಮಕ್ಕಳಿಗೆ ಹೈಕೋರ್ಟ್, ಗೂಗಲ್, ಕಾಫಿ, ಮೈಸೂರು ಪಾಕ್ ಎಂದೆಲ್ಲ ಹೆಸರಿಡುವ ಊರಿದೆಯಂತೆ. ಇಂಥ ಹೆಸರುಗಳನ್ನು ಸರ್ಕಾರ ಏಕೆ ತಡೆಯಬಾರದು? (ರಾಜಾಜಿನಗರ)

ಉತ್ತರ: ನೀವು ಹೇಳುತ್ತಿರುವುದು ಬಿಡದಿ ಸಮೀಪದ ಭದ್ರಾಪುರದ ಹಕ್ಕಿಪಿಕ್ಕಿ ಸಮುದಾಯದ ಬಗ್ಗೆ. ಅಲೆಮಾರಿಗಳಾಗಿ, ಹಕ್ಕಿ ಹಿಡಿದು ಬದುಕುತ್ತಿದ್ದ ಈ ಜನರ ಮನೆಮಾತು ವಾಗ್ರಿ; ಕರ್ನಾಟಕದಲ್ಲಿ ಇವರು ಪರಿಶಿಷ್ಟ ಪಂಗಡಕ್ಕೆ ಸೇರಿದವರು. ಊರಿನಲ್ಲಿ ನೆಲೆಯೂರಿದ ಮೇಲೆ ಕಿವಿಗೆ ಬಿದ್ದ, ಕಣ್ಣಿಗೆ ದೊಡ್ಡದಾಗಿ ಕಂಡ ವಸ್ತುಗಳ ಹೆಸರನ್ನು ಮಕ್ಕಳಿಗೆ ಇಡುತ್ತಾ ಬಂದಿದ್ದಾರೆಂದು ಪತ್ರಿಕೆಗಳು ಅನೇಕ ಸಲ ವರದಿ ಮಾಡಿವೆ. ನಾವು ನದಿಯ ಹೆಸರಿಡುತ್ತೇವೆ, ಬೆಟ್ಟದ ದೇವರ ಹೆಸರಿಡುತ್ತೇವೆ. ನಮಗೆ ದೊಡ್ಡದಾಗಿ ಕಂಡದ್ದು ಅದು. ಕಾಡಿನ ಅಂಚಿನಿಂದ ಬಂದವರಿಗೆ ನ್ಯಾಯ ಕೊಡುವ ಕಟ್ಟಡ ದೊಡ್ಡದಾಗಿ ಕಂಡಿದ್ದರೆ ಅದರಲ್ಲಿ ನಗುವಂಥದ್ದು ಏನಿದೆ? ಆ ಕೇರಿಯಲ್ಲಿ ಆ ಹೆಸರು ಕರೆದರೆ ಯಾರೂ ತಿರುಗಿ ನೋಡುವುದಿಲ್ಲ, ಕರೆಸಿಕೊಂಡವನು ಮಾತ್ರ ಓಗೊಡುತ್ತಾನೆ. ನಗು ಶುರುವಾಗುವುದು ನಾವು ಕ್ಯಾಮೆರಾ ಹಿಡಿದು ಅಲ್ಲಿಗೆ ಹೋದಾಗ.

ಐಸ್‌ಲ್ಯಾಂಡಿನಲ್ಲಿ ಹೊಸ ಹೆಸರುಗಳನ್ನು ಒಪ್ಪುವ ಅಥವಾ ತಳ್ಳಿಹಾಕುವ ಸಮಿತಿಯೊಂದು 1991ರಿಂದ ಇದೆ. ನ್ಯೂಜಿಲೆಂಡಿನಲ್ಲಿ 2008ರಲ್ಲಿ ನ್ಯಾಯಾಲಯವೊಂದು ಒಂಬತ್ತು ವರ್ಷದ ಬಾಲಕಿಯನ್ನು ತನ್ನ ಪಾಲನೆಗೆ ತೆಗೆದುಕೊಂಡು, ಅವಳಿಗೆ ಮುಜುಗರ ತರುತ್ತಿದ್ದ ಹೆಸರನ್ನು ಬದಲಿಸಲು ದಾರಿಮಾಡಿತು. ನಮ್ಮ 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ನಿಷೇಧಿತ ಹೆಸರುಗಳ ಪಟ್ಟಿಯಿಲ್ಲ, ಅದು ಇಲ್ಲದಿರುವುದೇ ಒಳ್ಳೆಯದು. ಪಟ್ಟಿ ಮಾಡುವ ಅಧಿಕಾರ ಯಾರದೋ ಕೈಗೆ ಹೋದರೆ ಮೊದಲು ಅಳಿಸಿಹೋಗುವುದು ತಿಪ್ಪಮ್ಮ, ಹುಚ್ಚಮ್ಮ, ಭದ್ರಾಪುರದ ಹೆಸರುಗಳು; ನಗರದ ಸಿರಿವಂತರ ಹೆಸರುಗಳಲ್ಲ.

ಪ್ರಶ್ನೆ: ನನಗೆ ಹದಿನೇಳು ವರ್ಷ, ದ್ವಿತೀಯ ಪಿಯುಸಿ ಓದುತ್ತಿದ್ದೇನೆ. ತಂದೆಯವರು ತಾವು ಮೆಚ್ಚಿದ ಹೊರನಾಡಿನ ನಾಯಕರೊಬ್ಬರ ಅಡ್ಡಹೆಸರನ್ನು ನನಗೆ ಹೆಸರಾಗಿ ಇಟ್ಟಿದ್ದಾರೆ. ಒಂದನೆಯ ತರಗತಿಯಿಂದ ಇಲ್ಲಿಯವರೆಗೆ ಅದನ್ನು ಸರಿಯಾಗಿ ಹೇಳಿದವರಿಲ್ಲ, ನಗದವರೂ ಇಲ್ಲ. ಬದಲಿಸಿಕೊಂಡರೆ ತಂದೆಗೆ ನೋವಾಗುತ್ತದೆ. ನನ್ನ ಹೆಸರನ್ನು ದಯವಿಟ್ಟು ಮುದ್ರಿಸಬೇಡಿ. (ಮಲ್ಲೇಶ್ವರ)

ಉತ್ತರ: ಮುದ್ರಿಸಿಲ್ಲ. ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ, ಏಕೆಂದರೆ ಅದು ನನ್ನನ್ನು ಹಳೆಯ ತರಗತಿಯೊಂದಕ್ಕೆ ಕರೆದೊಯ್ಯಿತು. ನಾನು ಬಹಳ ವರ್ಷ ಬೆಂಗಳೂರಿನಲ್ಲಿ ಕನ್ನಡ ಪಾಠ ಹೇಳಿದವನು. ಒಂದು ಜೂನ್ ತಿಂಗಳ ಮೊದಲ ದಿನ ಹಾಜರಿ ಕರೆಯುತ್ತಿದ್ದಾಗ ನನ್ನ ಬೆರಳು ಒಂದು ಹೆಸರಿನ ಮೇಲೆ ತಡೆದು ನಿಂತಿತು. ನಾನು ಬಾಯಿ ತೆರೆಯುವ ಮೊದಲೇ ಮೂರನೆಯ ಬೆಂಚಿನ ಹುಡುಗನೊಬ್ಬ ಎದ್ದು ‘ಬಂದಿದ್ದೇನೆ ಸಾರ್’ ಎಂದ. ಆ ತಡವರಿಕೆಯೇ ಅವನ ಹೆಸರಾಗಿತ್ತು. ಎಂಟು ವರ್ಷಗಳಿಂದ ಅವನು ಅದಕ್ಕೇ ಓಗೊಡುತ್ತಾ ಬಂದಿದ್ದ. ಅವನನ್ನು ಬಳಿಗೆ ಕರೆದು, ಹೇಗೆ ಹೇಳಬೇಕೆಂದು ಕೇಳಿ, ಹಾಜರಿ ಪುಸ್ತಕದಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲಿ ಬರೆದುಕೊಂಡೆ. ಮಾರನೆಯ ದಿನ ಹೆಸರು ಪೂರ್ತಿಯಾಗಿ ಕೇಳುವವರೆಗೆ ಅವನು ಕುಳಿತೇ ಇದ್ದ.

ಇದನ್ನು ಹೇಳುತ್ತಿರುವುದು ನೀವು ಸಹಿಸಿಕೊಂಡಿರಿ ಎಂದಲ್ಲ. ಹೆಸರು ಒಬ್ಬರ ಗುರುತಿನ ಭಾಗವೆಂದೂ ಸಂವಿಧಾನದ 19ನೆಯ ವಿಧಿ ಕೊಡುವ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಸೇರಿದ್ದೆಂದೂ ಸುಪ್ರೀಂ ಕೋರ್ಟ್ 2021ರಲ್ಲಿ ಸಿಬಿಎಸ್‌ಇ ಅಂಕಪಟ್ಟಿಗಳಿಗೆ ಸಂಬಂಧಿಸಿದ ಪ್ರಕರಣದಲ್ಲಿ ಹೇಳಿದೆ. ಹೆಸರು ಬದಲಿಸುವ ಕೋರಿಕೆಗಳನ್ನು ಮಂಡಳಿ ಸೂಕ್ತ ಷರತ್ತುಗಳೊಂದಿಗೆ ಪರಿಗಣಿಸಬೇಕೆಂದೂ ತೀರ್ಪಿತ್ತಿದೆ. ಹದಿನೆಂಟು ತುಂಬಿದ ಮೇಲೆ ಅರ್ಜಿ ನಿಮ್ಮದೇ. ನೋಟರಿಯ ಮುಂದೆ ಪ್ರಮಾಣಪತ್ರ (ಅಫಿಡವಿಟ್), ಪತ್ರಿಕೆಗಳಲ್ಲಿ ಪ್ರಕಟಣೆ, ನಂತರ ರಾಜ್ಯಪತ್ರದಲ್ಲಿ (ಗೆಜೆಟ್) ಪ್ರಕಟಣೆ ಇದು ರೂಢಿಯಲ್ಲಿರುವ ಕ್ರಮ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹಳೆಯ ಹೆಸರಿರುವುದರಿಂದ ರಾಜ್ಯಪತ್ರದ ಪ್ರತಿಯನ್ನು ಜೀವನಪೂರ್ತಿ ಜೋಪಾನವಾಗಿ ಇಟ್ಟುಕೊಳ್ಳಬೇಕಾಗುತ್ತದೆ.

ತಂದೆಯವರ ಬಳಿ ಇದನ್ನು ಅರ್ಜಿ ಹಾಕಿದ ಮೇಲೆ ಹೇಳಬೇಡಿ, ಮೊದಲೇ ಹೇಳಿ. ಆ ನಾಯಕರಲ್ಲಿ ಅವರು ಏನನ್ನು ಮೆಚ್ಚಿದ್ದರು, ನಿಮ್ಮನ್ನು ಮೊದಲು ಎತ್ತಿಕೊಂಡಾಗ ಆ ಹೆಸರೇ ಏಕೆ ನೆನಪಾಯಿತು ಎಂದು ಕೇಳಿ. ಬಹಳ ಮಂದಿ ತಂದೆಯರು ಇದನ್ನು ನೆರೆಹೊರೆಯವರಿಗೆಲ್ಲ ಹೇಳಿರುತ್ತಾರೆ, ಮಗನಿಗೆ ಹೇಳಿರುವುದಿಲ್ಲ. ಕೇಳಿದ ಮೇಲೆಯೂ ಬದಲಿಸಬೇಕೆನಿಸಿದರೆ ಹೊಸ ಹೆಸರಿನ ಜೊತೆ ಹಳೆಯದನ್ನು ನಡುವಿನ ಹೆಸರಾಗಿ ಉಳಿಸಿಕೊಳ್ಳಲು ಸಾಧ್ಯವಿದೆ. ಬೇಡವೆನಿಸಿದರೆ ಪೂರ್ತಿ ಬಿಡಲೂ ನಿಮಗೆ ಹಕ್ಕಿದೆ. ಯಾವುದೇ ಆಗಲಿ, ಪದವಿ ತರಗತಿಯ ಪ್ರವೇಶಕ್ಕೆ ಮುಂಚೆ ಹದಿನೆಂಟು ತುಂಬುವುದಾದರೆ ಅಷ್ಟರೊಳಗೆ ಮುಗಿಸಿಕೊಳ್ಳಿ. ಅಲ್ಲಿಂದ ಮುಂದಿನ ದಾಖಲೆಗಳೆಲ್ಲ ಒಂದೇ ಹೆಸರಿನಲ್ಲಿ ಬರುತ್ತವೆ.